ಸಂತ ಅಂತೋಣಿಯ ಕಿಚ್ಚು

ಜನವರಿ 16ರ ಸಂಜೆ. ಬಿಸಿಲು ಮನೆಗಳ ಸೂರಿನವರೆಗೆ ಏರಿಹೋಗಿದೆ, ಬೀದಿಯಲ್ಲಿ ಆಗಲೇ ನೆರಳು. ಟ್ರ್ಯಾಕ್ಟರೊಂದು ಹಿಂದು ಹಿಂದಕ್ಕೆ ಬರುತ್ತಿದೆ, ಅದರ ಟ್ರೇಲರಿನ ತುಂಬ ಹಸಿ ಸೊಪ್ಪು. ಪೈನ್ ಮರದ ಕೊಂಬೆಗಳು, ಜತೆಗೆ ಈ ಬೆಟ್ಟಗಳಲ್ಲಿ ಪೊದೆಗಟ್ಟಿ ಬೆಳೆಯುವ ಪಿಯೊರ್ನೊ ಎಂಬ ಕಡ್ಡಿಗಿಡ. ಇಬ್ಬರು ಹುಡುಗರು ಹಿಂಬದಿಯ ಹಲಗೆ ಬಿಚ್ಚುತ್ತಲೇ ರಾಶಿ ಧೊಪ್ಪೆಂದು ಬೀದಿಯ ನಟ್ಟನಡುವೆ ಬೀಳುತ್ತದೆ. ರಾಳದ ಘಾಟು ಮೂಗಿಗೆ ಅಡರುತ್ತದೆ. ಉಣ್ಣೆ ಟೋಪಿ ಹಾಕಿದ ಅಜ್ಜನೊಬ್ಬ ಕವೆಗೋಲು ಹಿಡಿದು ರಾಶಿಯನ್ನು ಓರಣ ಮಾಡುತ್ತಾನೆ. ಒಣಗಿದ ಕೊಂಬೆ ಕಂಡರೆ ಅಡಿಗೆ ತಳ್ಳುತ್ತಾನೆ, ಹಸಿಯದನ್ನು ಮೇಲೆ ಹೇರುತ್ತಾನೆ. ಆಮೇಲೆ ಬಕೆಟ್ಟಿನಲ್ಲಿ ನೀರು ತಂದು ಚಿಮುಕಿಸುತ್ತಾನೆ. ಉರಿಸುವ ಸೊಪ್ಪಿಗೆ ನೀರು ಯಾಕಜ್ಜ ಎಂದು ಕೇಳಿದರೆ, ಕೈ ನಿಲ್ಲಿಸದೆಯೇ ಹೇಳುತ್ತಾನೆ: "ಹೊಗೆ ಬರಬೇಕಲ್ಲ!"

ಇದು ಸಾನ್ ಬಾರ್ತೊಲೊಮೆ ದೆ ಪಿನಾರೆಸ್. ಮ್ಯಾಡ್ರಿಡ್ ನಗರದಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ಆವಿಲಾ ಪ್ರಾಂತದ ಬೆಟ್ಟಗಳ ನಡುವೆ ಇರುವ ಹಳ್ಳಿ. ಹೆಸರಿನಲ್ಲಿರುವ 'ಪಿನಾರೆಸ್' ಸುತ್ತಲಿನ ಪೈನ್ ಕಾಡುಗಳಿಂದ ಬಂದದ್ದು. ಪ್ರಾಂತದ ಮುಖ್ಯ ಪಟ್ಟಣವಾದ ಆವಿಲಾ ಸುಮಾರು 1,130 ಮೀಟರ್ ಎತ್ತರದಲ್ಲಿದೆ. ಸ್ಪೇನಿನ ಪ್ರಾಂತೀಯ ರಾಜಧಾನಿಗಳಲ್ಲಿ ಅದಕ್ಕಿಂತ ಎತ್ತರದ್ದು ಬೇರಿಲ್ಲ. ಅಲ್ಲಿಂದ ಬೆಟ್ಟದ ತಿರುವುಗಳಲ್ಲಿ ಬರುವಾಗ ದಾರಿಯುದ್ದಕ್ಕೂ ಬಂಡೆ, ಓಕ್ ಮರ, ಕಲ್ಲಿನ ಬೇಲಿಯೊಳಗೆ ಮೇಯುವ ಕಪ್ಪು ದನ. ಆವಿಲಾದ ಈ ಕಪ್ಪು ದನದ ತಳಿಗೆ ದೇಶದಲ್ಲೆಲ್ಲ ಹೆಸರಿದೆ. ಇವತ್ತಿಗೂ ಕೆಲವು ಮಂದೆಗಳು ಚಳಿಗಾಲಕ್ಕೆ ಎಸ್ತ್ರೆಮದೂರಾದ ಬೆಚ್ಚನೆಯ ಬಯಲಿಗೆ ನಡೆದೇ ಇಳಿಯುತ್ತವೆ, ಬೇಸಿಗೆಗೆ ಮತ್ತೆ ಬೆಟ್ಟ ಹತ್ತುತ್ತವೆ. ಜಾನುವಾರನ್ನು ನಂಬಿ ಬದುಕಿದ ಸೀಮೆ ಇದು. ಈ ರಾತ್ರಿ ಏನು ನಡೆಯುತ್ತದೋ ಅದರ ಬೇರೆಲ್ಲ ಆ ನಂಬಿಕೆಯಲ್ಲೇ ಇದೆ.

ಊರಿನಲ್ಲಿ ಇರುವವರು ಆರುನೂರರಷ್ಟು ಜನ. ಇವತ್ತು ಮಾತ್ರ ಬೀದಿಗಳು ಕಿಕ್ಕಿರಿದಿವೆ. ಮ್ಯಾಡ್ರಿಡ್ಡಿಗೆ, ಆವಿಲಾಕ್ಕೆ ದುಡಿಯಲು ಹೋದ ಮಕ್ಕಳು ಮೊಮ್ಮಕ್ಕಳು ಬಂದಿದ್ದಾರೆ, ಕ್ಯಾಮೆರಾ ನೇತುಹಾಕಿಕೊಂಡ ಹೊರಗಿನವರೂ ಬಂದಿದ್ದಾರೆ. ಹಬ್ಬದ ಹೆಸರು ಲಾಸ್ ಲುಮಿನಾರಿಯಾಸ್. ಪ್ರಾಣಿಗಳ ರಕ್ಷಕನಾದ ಸಂತ ಅಂತೋಣಿಯ ಹಬ್ಬ ಜನವರಿ 17ಕ್ಕೆ. ಅದರ ಮುನ್ನಾ ರಾತ್ರಿ ಊರಿನ ಕುದುರೆಗಳನ್ನು ಬೆಂಕಿಯ ಹೊಗೆಯಲ್ಲಿ ಹಾಯಿಸಿದರೆ ವರ್ಷವಿಡೀ ಅವಕ್ಕೆ ರೋಗ ತಟ್ಟುವುದಿಲ್ಲ ಎಂಬುದು ನಂಬಿಕೆ. ಹಿಂದೆ ಯಾವಾಗಲೋ ಜಾನುವಾರುಗಳಿಗೆ ದೊಡ್ಡ ಪಿಡುಗು ಬಂದಾಗ ಶುರುವಾದದ್ದು ಎಂದು ಊರವರು ಹೇಳುತ್ತಾರೆ.

ನಮ್ಮ ಮಂಡ್ಯ, ಮೈಸೂರು, ರಾಮನಗರದ ಕಡೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಒಂದೆರಡು ದಿನಗಳ ಹಿಂದಷ್ಟೇ, ಸಂಕ್ರಾಂತಿಯ ಸಂಜೆ, ಅಲ್ಲಿಯ ಊರುಗಳಲ್ಲಿ ಎತ್ತು ಹಸುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟಿ, ಒಣಹುಲ್ಲಿಗೆ ಬೆಂಕಿಯಿಟ್ಟು ಕಿಚ್ಚು ಹಾಯಿಸಿದ್ದಾರೆ. ಒಬ್ಬರನ್ನೊಬ್ಬರು ಕಂಡರಿಯದ ಎರಡು ಸೀಮೆಗಳ ರೈತರು ಅದೇ ವಾರದಲ್ಲಿ, ಅದೇ ಆಸೆಯಿಂದ, ತಮ್ಮ ಮನೆಯ ಜೀವಗಳನ್ನು ಬೆಂಕಿಯ ಹತ್ತಿರಕ್ಕೆ ಕರೆದೊಯ್ಯುತ್ತಾರೆ. ಇದನ್ನು ನೆನೆದಾಗ ಈ ಊರು ನನಗೆ ಪರಸ್ಥಳ ಅನ್ನಿಸುವುದಿಲ್ಲ.

ಸಂದಿಯೊಳಗೆ ಹೊರಳಿದರೆ ಕಲ್ಲು ಕಟ್ಟಡದ ಒಂದು ಲಾಯ. ಬಾಗಿಲು ಅರ್ಧ ತೆರೆದಿದೆ. ಒಳಗೆ ಒಂದೇ ಬಲ್ಬು. ಅದರ ಕೆಳಗೆ ಕಂದು ಬಣ್ಣದ ಹೆಣ್ಣು ಕುದುರೆ. ಅಪ್ಪ ಮಗಳಿಬ್ಬರು ಅದನ್ನು ಸಿಂಗರಿಸುತ್ತಿದ್ದಾರೆ. ಒಳಗೆ ಬರಬಹುದೇ ಎಂದು ಕಣ್ಣಲ್ಲೇ ಕೇಳುತ್ತೇನೆ, ಅಪ್ಪ ತಲೆಯಾಡಿಸುತ್ತಾನೆ. ಮಗಳಿಗೆ ಹದಿನಾರು ಹದಿನೇಳು ಇರಬಹುದು. ಕುದುರೆಯ ಬಾಲವನ್ನು ಮೂರು ಎಳೆ ಮಾಡಿ ಬಿಗಿಯಾಗಿ ಹೆಣೆಯುತ್ತಿದ್ದಾಳೆ. ಹೆಣೆದಷ್ಟನ್ನು ಮೇಲಕ್ಕೆ ಮಡಚಿ ಗಂಟು ಹಾಕುತ್ತಾಳೆ. ಗಂಟಿನಿಂದ ಹೊರಗೆ ಇಣುಕುವ ಒಂದೊಂದು ಕೂದಲನ್ನೂ ಬೆರಳಿನಿಂದ ಒಳಗೆ ತುರುಕುತ್ತಾಳೆ, ಮೇಲೆ ಪಟ್ಟಿ ಸುತ್ತುತ್ತಾಳೆ. ಅಪ್ಪ ಒದ್ದೆ ಬಟ್ಟೆಯಿಂದ ಕೇಸರವನ್ನು ನೆನೆಸುತ್ತಾನೆ, ಅದನ್ನೂ ಸಣ್ಣ ಸಣ್ಣ ಜಡೆ ಮಾಡಿ ಕುತ್ತಿಗೆಗೆ ಒತ್ತಿ ಕಟ್ಟುತ್ತಾನೆ. ಕಿಡಿ ಹಿಡಿಯುವುದು ಸಡಿಲ ಕೂದಲನ್ನೇ. ಹೆಣೆದು ನೆನೆಸಿದ ಕೂದಲಿಗೆ ಬೆಂಕಿ ಸುಲಭವಾಗಿ ತಾಗುವುದಿಲ್ಲ.

"ಇದು ಎಷ್ಟು ಸಲ ಹಾಯ್ದಿದೆ?" ಎನ್ನುತ್ತೇನೆ.

"ಇವಳಿಗೆ ಇದೇ ಮೊದಲು," ಎನ್ನುತ್ತಾಳೆ ಹುಡುಗಿ. "ಹೋದ ವರ್ಷ ಬರೀ ತೋರಿಸಿದೆವು. ದೂರ ನಿಲ್ಲಿಸಿ ಬೆಂಕಿ ನೋಡಿಸಿದೆವು, ಸದ್ದು ಕೇಳಿಸಿದೆವು. ಇವತ್ತು ಬರುತ್ತಾಳೋ ಇಲ್ಲವೋ ನೋಡಬೇಕು."

"ಬರದಿದ್ದರೆ?"

ಅಪ್ಪ ಬಟ್ಟೆ ಹಿಂಡುತ್ತ ನನ್ನತ್ತ ತಿರುಗುತ್ತಾನೆ. "ಬರದಿದ್ದರೆ ಇಲ್ಲ. ಅವಳಿಗೋಸ್ಕರ ಮಾಡುವ ಹಬ್ಬ ತಾನೇ?"

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಗೆ ಬರುತ್ತೇನೆ. ರಾತ್ರಿಯುದ್ದಕ್ಕೂ ನನ್ನ ಕಣ್ಣಿಗೆ ದಾರಿ ತೋರಿಸಿದ್ದು ಇದೇ ಮಾತು.

ಚರ್ಚಿನ ಚೌಕದಲ್ಲಿ ಚಳಿ ನೆಲದಿಂದಲೇ ಏಳುತ್ತಿದೆ. ಬೂಟಿನ ಅಡಿ ಕಲ್ಲುಹಾಸು ಮಂಜುಗಡ್ಡೆಯಷ್ಟು ತಣ್ಣಗಿದೆ. ಬಾಯಿ ತೆರೆದರೆ ಉಸಿರು ಬಿಳಿಯಾಗಿ ಹೊರಡುತ್ತದೆ. ಸಂತ ಅಂತೋಣಿ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಡೋರ್ನಹಳ್ಳಿ. ಅಲ್ಲಿ ಹರಕೆ ಸಲ್ಲುವುದು ಹದಿಮೂರನೆಯ ಶತಮಾನದವರಾದ ಪಾದುವಾದ ಅಂತೋಣಿಯವರಿಗೆ. ಇಲ್ಲಿ ಪೂಜೆಗೊಳ್ಳುವವರು ಅವರಿಗಿಂತ ಸುಮಾರು ಒಂಬೈನೂರು ವರ್ಷ ಹಿಂದಿನವರು, ಈಜಿಪ್ಟಿನವರು. ಸುಮಾರು 251ರಲ್ಲಿ ಹುಟ್ಟಿ, ಇದ್ದ ಆಸ್ತಿಯನ್ನೆಲ್ಲ ಬಡವರಿಗೆ ಹಂಚಿ, ಮರುಭೂಮಿಗೆ ಹೋಗಿ ಒಂಟಿಯಾಗಿ ತಪಸ್ಸು ಮಾಡಿದವರು. ಕ್ರೈಸ್ತ ಸಂನ್ಯಾಸ ಪರಂಪರೆಗೆ ಅವರೇ ಮೂಲಪುರುಷರೆಂದು ಗೌರವ. 356ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು ಎನ್ನುತ್ತಾರೆ. ಅವರ ಜೀವನ ಚರಿತ್ರೆ ಬರೆದವರು ಅಲೆಕ್ಸಾಂಡ್ರಿಯಾದ ಬಿಷಪ್ ಅತನೇಸಿಯಸ್.

ಮರುಭೂಮಿಯ ಈ ತಪಸ್ವಿಗೂ ಹಟ್ಟಿಯ ದನಕುದುರೆಗೂ ಏನು ಸಂಬಂಧ? ಸಂತರ ಪ್ರತಿಮೆಯ ಕಾಲಬುಡದಲ್ಲಿ ನಿಂತಿರುವ ಹಂದಿ ಅದಕ್ಕೆ ಉತ್ತರ ಕೊಡುತ್ತದೆ. ಸುಮಾರು 1095ರಲ್ಲಿ ಫ್ರಾನ್ಸಿನ ದೊಫಿನೆ ಸೀಮೆಯಲ್ಲಿ ಇವರ ಹೆಸರಿನ ಸೇವಾಸಂಘವೊಂದು ಹುಟ್ಟಿತು. ಆಗ ಯೂರೋಪಿನಲ್ಲಿ ಭೀಕರ ಕಾಯಿಲೆಯೊಂದಿತ್ತು. ಕೈಕಾಲು ಬೆಂಕಿಯಲ್ಲಿಟ್ಟಂತೆ ಉರಿದು, ಕಪ್ಪಾಗಿ, ಕೊನೆಗೆ ಕಳಚಿ ಬೀಳುತ್ತಿದ್ದವು. ಜನ ಅದನ್ನು 'ಸಂತ ಅಂತೋಣಿಯ ಬೆಂಕಿ' ಎಂದೇ ಕರೆಯುತ್ತಿದ್ದರು. ರೈ ಧಾನ್ಯದ ತೆನೆಗೆ ಹಿಡಿಯುವ ಎರ್ಗಾಟ್ ಎಂಬ ಶಿಲೀಂಧ್ರದ ವಿಷ ರೊಟ್ಟಿಯ ಮೂಲಕ ಮೈಸೇರಿ ಹೀಗಾಗುತ್ತಿತ್ತೆಂಬುದು ಗೊತ್ತಾದದ್ದು ಶತಮಾನಗಳ ಆಮೇಲೆ. ಸಂಘದ ಸಂನ್ಯಾಸಿಗಳು ಈ ರೋಗಿಗಳನ್ನು ಕರೆತಂದು, ಒಳ್ಳೆಯ ರೊಟ್ಟಿ ಕೊಟ್ಟು, ಹಂದಿಕೊಬ್ಬಿನ ಮುಲಾಮು ಹಚ್ಚಿ ಆರೈಕೆ ಮಾಡುತ್ತಿದ್ದರು. ಅದಕ್ಕಾಗಿ ಅವರು ಸಾಕಿದ ಹಂದಿಗಳು ಕೊರಳಲ್ಲಿ ಗಂಟೆ ಕಟ್ಟಿಕೊಂಡು ಊರ ಬೀದಿಗಳಲ್ಲಿ ತಿರುಗಿ ಮೇಯಬಹುದಿತ್ತು. ಹಂದಿ ಸಂತರ ಪಕ್ಕಕ್ಕೆ ಬಂದು ನಿಂತದ್ದು ಹೀಗೆ. ಹಂದಿಯ ಹಿಂದೆ ಮಿಕ್ಕ ಪ್ರಾಣಿಗಳೂ ಅವರ ಆಶ್ರಯಕ್ಕೆ ಬಂದವು.

ಸ್ಪೇನಿನಲ್ಲಿ ಆ ಸಂಘದ ಗುರುತು ಇನ್ನೂ ಅಳಿದಿಲ್ಲ. ಸಾಂತಿಯಾಗೊ ಯಾತ್ರೆಗೆ ನಡೆದು ಹೋಗುವವರು ಕಾಸ್ತ್ರೊಹೆರಿಸ್ ಊರಿನ ಹೊರಗೆ ಸಂಘದ ಪಾಳುಬಿದ್ದ ಮಠದ ಕಮಾನಿನ ಕೆಳಗೇ ಹಾದು ಹೋಗುತ್ತಾರೆ. ಸಾಲಮಾಂಕಾ ಪ್ರಾಂತದ ಲಾ ಆಲ್ಬೆರ್ಕಾ ಎಂಬ ಊರಿನಲ್ಲಿ ಇಂದಿಗೂ ಒಂದು ಹಂದಿಯನ್ನು ಗಂಟೆ ಕಟ್ಟಿ ಬೀದಿಗೆ ಬಿಡುತ್ತಾರೆ, ಊರವರೆಲ್ಲ ಸೇರಿ ಅದಕ್ಕೆ ಉಣಿಸುತ್ತಾರೆ. ನಾಳೆ, 17ಕ್ಕೆ, ಅದನ್ನು ಲಾಟರಿ ಎತ್ತಿ ಕೊಡುತ್ತಾರೆ.

ಒಂಬತ್ತು ಗಂಟೆ. ಚರ್ಚಿನ ಗಂಟೆ ಬಾರಿಸತೊಡಗುತ್ತದೆ. ನಾನು ನಿಂತಿರುವುದು ಇಳಿಜಾರು ಬೀದಿಯೊಂದರಲ್ಲಿ, ಒಂದು ಮನೆಯ ಹೊಸ್ತಿಲ ಪಕ್ಕ. ಬಾಗಿಲು ತೆರೆದು ಹೊರಬಂದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

"ಈ ಜಾಕೆಟ್ ಹಾಕಿಕೊಂಡು ಇಲ್ಲಿ ನಿಲ್ಲಬೇಡ ಮಗಳೇ. ನೈಲಾನ್. ಒಂದು ಕಿಡಿ ಬಿದ್ದರೆ ಕರಗಿಹೋಗುತ್ತದೆ."

ಒಳಗೆ ಹೋಗಿ ಹಳೆಯದೊಂದು ಉಣ್ಣೆಯ ಕೋಟು ತರುತ್ತಾರೆ. ಅದರ ತೋಳಿನಲ್ಲಿ ಸಾಸಿವೆ ಗಾತ್ರದ ಸುಟ್ಟ ಚುಕ್ಕೆಗಳು, ಒಂದೊಂದು ವರ್ಷದ್ದು ಒಂದೊಂದು. ಅದರ ಒಳಗೆ ಹೊಗೆಯ ವಾಸನೆ ನೆಲೆಸಿಬಿಟ್ಟಿದೆ. "ಹಾಕಿಕೋ. ಗೋಡೆಗೆ ಒತ್ತಿ ನಿಲ್ಲು. ಕುದುರೆ ಬಂದಾಗ ಕೈ ಬೀಸಬೇಡ, ಕಣ್ಣಿಗೆ ಲೈಟು ಹೊಡೆಯಬೇಡ," ಎಂದು ಎಳೆಯರಿಗೆ ಹೇಳುವಂತೆ ಹೇಳುತ್ತಾರೆ.

ಮೇಲಿನ ತಿರುವಿನಿಂದ ತಮಟೆಯ ಸದ್ದು. ಅದರ ಬೆನ್ನಿಗೇ ದುಲ್ಸೈನಾ ಎಂಬ ಊದುವಾದ್ಯ, ಚಳಿಗಾಳಿಯನ್ನು ಸೀಳಿಕೊಂಡು ಬರುವಂಥ ತೀಕ್ಷ್ಣ ದನಿ. ಯಾರೋ ಪಂಜು ತಂದು ಸೊಪ್ಪಿನ ರಾಶಿಯ ಬುಡಕ್ಕೆ ಇಡುತ್ತಾರೆ. ಮೊದಲು ಚಿಟಚಿಟ. ಒಣ ಕೊಂಬೆ ಹತ್ತಿಕೊಳ್ಳುತ್ತದೆ, ಹಸಿಯದು ಒಪ್ಪುವುದಿಲ್ಲ. ಸ್ವಲ್ಪ ಹೊತ್ತು ರಾಶಿಯೆಲ್ಲ ಬುಸುಗುಡುತ್ತದೆ. ಆಮೇಲೆ ಹೊಗೆ. ಹಳದಿ ಮಿಶ್ರಿತ ಬಿಳಿ, ಗಟ್ಟಿ, ಮೈಭಾರದ ಹೊಗೆ. ಮೇಲಕ್ಕೆ ಹೋಗುವುದಕ್ಕೆ ಮುಂಚೆ ಅದು ಬೀದಿಯನ್ನು ತುಂಬುತ್ತದೆ, ಗೋಡೆಯಿಂದ ಗೋಡೆಗೆ. ಎದುರು ಮನೆಯ ಬಾಲ್ಕನಿ ಕಾಣಿಸದಾಗುತ್ತದೆ. ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ. ಅಜ್ಜಿ ಸೆರಗಿನಂತೆ ಶಾಲಿನ ಅಂಚನ್ನು ಮೂಗಿಗೆ ಹಿಡಿದು, ಆ ಹೊಗೆಯೊಳಗೇ ನಿಂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಹೊಗೆಯಿಂದ ದೂರ ಸರಿಯಬೇಕು ಎಂದು ಊರವರಲ್ಲಿ ಯಾರಿಗೂ ಅನ್ನಿಸಿದಂತಿಲ್ಲ. ಕುದುರೆಗೆ ಒಳ್ಳೆಯದಾದದ್ದು ಮನುಷ್ಯರಿಗೂ ಒಳ್ಳೆಯದು ಎಂಬ ಭಾವ ಅವರ ಮುಖದಲ್ಲಿದೆ.

ಇಂಥ ರಾಶಿಗಳು ಊರಿನ ಬೀದಿಗಳಲ್ಲಿ ಅಲ್ಲಲ್ಲಿ ಸಾಲಾಗಿವೆ. ನೋಡುತ್ತಿದ್ದಂತೆ ಒಂದರ ಬೆನ್ನಿಗೆ ಒಂದು ಹೊತ್ತಿಕೊಳ್ಳುತ್ತವೆ. ಊರಿಡೀ ಕೇಸರಿ ಬಣ್ಣಕ್ಕೆ ತಿರುಗುತ್ತದೆ.

"ವೀವಾ ಸಾನ್ ಆಂತೋನ್!" ಸಂತ ಅಂತೋಣಿಗೆ ಜಯವಾಗಲಿ ಎಂದು ಮೇಲುಗಡೆ ಯಾರೋ ಕೂಗುತ್ತಾರೆ. ಬೀದಿಯೆಲ್ಲ "ವೀವಾ!" ಎಂದು ಓಗೊಡುತ್ತದೆ.

ಕುದುರೆಗಳು ಕಾಣುವುದಕ್ಕೆ ಮೊದಲು ಗೊರಸಿನ ಸದ್ದು ಕೇಳಿಸುತ್ತದೆ. ಕಲ್ಲಿನ ಮೇಲೆ ಲಾಳದ ಟಕಟಕ, ಹತ್ತಾರು ಕುದುರೆಗಳದ್ದು ಒಟ್ಟಿಗೆ. ಹೊಗೆಯ ಗೋಡೆಯ ಆಚೆ ಬದಿಯಲ್ಲಿ ಸದ್ದು ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಹೊಗೆ ಹರಿದು ಒಂದು ತಲೆ, ಎರಡು ಮುಂಗಾಲು, ಕೊರಳಿಗೆ ಬಾಗಿ ಕೂತ ಸವಾರ. ಬೆಂಕಿಯ ಮೇಲಿನಿಂದ ಇಡೀ ದೇಹ ಹಾದು ಬರುತ್ತದೆ. ಗೊರಸಿಗೆ ತಗುಲಿದ ಕೆಂಡಗಳು ನಮ್ಮ ಕಾಲಬಳಿಗೆ ಸಿಡಿಯುತ್ತವೆ. ಕುದುರೆ ನೆಲ ಮುಟ್ಟಿ ಎರಡು ಹೆಜ್ಜೆ ಓಡಿ, ಮೂಗಿನಿಂದ ಜೋರಾಗಿ ಉಸಿರು ಬಿಟ್ಟು, ಇಳಿಜಾರಿನಲ್ಲಿ ಮುಂದಿನ ಬೆಂಕಿಯತ್ತ ಹೋಗುತ್ತದೆ. ಅದರ ಮೈಯಿಂದ ಹೊಗೆಯೋ ಆವಿಯೋ ತಿಳಿಯದ ಬಿಳಿ ಎಳೆಯೊಂದು ಹಿಂದೆ ಹರಿಯುತ್ತದೆ. ಹಿಂದೆಯೇ ಇನ್ನೊಂದು, ಮತ್ತೊಂದು.

ಮೊದಲ ಕೆಲವು ಕುದುರೆಗಳವರೆಗೆ ನಾನು ಬೆಂಕಿಯನ್ನೇ ನೋಡುತ್ತೇನೆ. ಎಲ್ಲರ ಮೊಬೈಲುಗಳೂ ಅದನ್ನೇ ನೋಡುತ್ತಿವೆ. ಅಜ್ಜಿ ನನ್ನ ಭುಜ ತಟ್ಟುತ್ತಾರೆ. "ಕೈ ನೋಡು," ಎನ್ನುತ್ತಾರೆ. "ಸವಾರರ ಕೈ ನೋಡು."

ಕುದುರೆಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ಸುತ್ತಲಿನದ್ದು ಬಹುಪಾಲು ಅದಕ್ಕೆ ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂದಿನದು ಮತ್ತು ಹಣೆಯ ನೇರ ಮುಂದಿನದು, ಮೂಗಿನ ಕೆಳಗಿನದು. ಎಂದರೆ, ದೂರದಿಂದ ನೋಡುತ್ತ ಬಂದ ಬೆಂಕಿಯು ಅದರ ಮೇಲೆ ಹಾಯುವ ಹೊತ್ತಿಗೆ ಕುದುರೆಯ ಕಣ್ಣಿನಿಂದ ಮರೆಯಾಗುತ್ತದೆ. ಅತ್ಯಂತ ಅಪಾಯದ ಗಳಿಗೆಯಲ್ಲಿ ಅದಕ್ಕೆ ಉಳಿಯುವುದು ಬೆನ್ನ ಮೇಲಿನ ಭಾರ, ಪಕ್ಕೆಗೆ ತಾಗಿದ ಮೊಣಕಾಲು, ಲಗಾಮಿನ ಮೂಲಕ ಬಾಯಿಗೆ ಬರುವ ಸಂದೇಶ. ಕೈ ನೋಡು ಎಂದು ಅಜ್ಜಿ ಹೇಳಿದ್ದು ಇದಕ್ಕೇ. ನುರಿತವರ ಕೈ ಹಾಯುವ ಗಳಿಗೆಯಲ್ಲಿ ಮುಂದಕ್ಕೆ ಸರಿದು ಲಗಾಮನ್ನು ಸಡಿಲ ಬಿಡುತ್ತದೆ. 'ಹೋಗು, ನಾನಿದ್ದೇನೆ' ಎನ್ನುವುದು ಅಷ್ಟೆ. ಹೆದರಿದವರ ಕೈ ಹಿಂದಕ್ಕೆ ಜಗ್ಗುತ್ತದೆ, ಆ ಹೆದರಿಕೆ ಹಾಗೇ ಕುದುರೆಗೆ ಇಳಿಯುತ್ತದೆ. ಬೆಂಕಿ ಹಾಯುವುದು ಕುದುರೆಯ ಧೈರ್ಯದಿಂದ ಎಂದುಕೊಂಡಿದ್ದೆ. ಅರ್ಧ ಭಾಗ ಮನುಷ್ಯರ ಕೈಯಲ್ಲಿದೆ ಎಂಬುದು ಇಲ್ಲಿ ನಿಂತ ಮೇಲೆ ಕಾಣುತ್ತದೆ.

ಮೆರವಣಿಗೆ ಊರು ಸುತ್ತಿ ಮತ್ತೆ ಬರುತ್ತದೆ. ಆಳುಗಳು ಸೊಪ್ಪು ಹೇರಿ ಬೆಂಕಿಯನ್ನು ಮತ್ತೆ ಹೊಗೆಗೆ ಇಳಿಸುತ್ತಾರೆ. ಈ ಸಲ ಲಾಯದ ಹುಡುಗಿ. ಅಪ್ಪ ಬೀದಿಯ ಬದಿಯಲ್ಲಿ ಜತೆಗೇ ನಡೆದು ಬರುತ್ತಿದ್ದಾನೆ. ಕಂದು ಕುದುರೆ ಬೆಂಕಿಯಿಂದ ನಾಲ್ಕು ಮಾರು ದೂರದಲ್ಲಿ ನಿಂತುಬಿಡುತ್ತದೆ. ಕಿವಿಗಳು ಮುಂದಕ್ಕೆ ನೆಟ್ಟಿವೆ. ಮೂಗಿನ ಹೊಳ್ಳೆ ಅಗಲವಾಗಿ ತೆರೆದು ಮುಚ್ಚುತ್ತಿದೆ. ಕುತ್ತಿಗೆಯ ಚರ್ಮ ನೊಣ ಕೂತಂತೆ ಅದುರುತ್ತಿದೆ. ಹುಡುಗಿ ಕಾಲಿನಿಂದ ಮೆತ್ತಗೆ ಒತ್ತುತ್ತಾಳೆ. ಕುದುರೆ ಒಂದು ಹೆಜ್ಜೆ ಇಟ್ಟು ಎರಡು ಹೆಜ್ಜೆ ಹಿಂದೆ ಬರುತ್ತದೆ. ಜನರ ನಡುವಿನಿಂದ ಯಾರೋ ಹುರಿದುಂಬಿಸುತ್ತ ಕೂಗುತ್ತಾರೆ. ಅಜ್ಜಿ ಆ ಕಡೆಗೆ ತಿರುಗಿ ಗದರುತ್ತಾರೆ: "ಬಾಯಿ ಮುಚ್ಚಿಕೊಂಡು ನಿಲ್ಲಪ್ಪ!"

ಹುಡುಗಿ ಲಗಾಮು ಸಡಿಲಿಸಿ, ಮುಂದೆ ಬಾಗಿ, ಕುತ್ತಿಗೆಯನ್ನು ಬಹಳ ಹೊತ್ತು ಸವರುತ್ತಾಳೆ. ಕಿವಿಯ ಹತ್ತಿರ ಏನೋ ಹೇಳುತ್ತಾಳೆ. ಕುದುರೆ ತಲೆ ತಗ್ಗಿಸುತ್ತದೆ. ಹುಡುಗಿ ಅದನ್ನು ಪಕ್ಕಕ್ಕೆ ತಿರುಗಿಸಿ, ಬೆಂಕಿಗೂ ಗೋಡೆಗೂ ನಡುವೆ ಇರುವ ಜಾಗದಲ್ಲಿ, ಹೊಗೆಯ ಒಳಗೆ, ನಡಿಗೆಯಲ್ಲೇ ದಾಟಿಸುತ್ತಾಳೆ. ನನ್ನ ಮುಂದೆ ಹಾದು ಹೋಗುವಾಗ ಅವಳ ಕೈ ಇನ್ನೂ ಕುತ್ತಿಗೆಯ ಮೇಲೇ ಇದೆ. "ಸಾಕು, ಹೊಗೆ ತಾಗಿತಲ್ಲ," ಎಂದು ಅಜ್ಜಿ ತೃಪ್ತಿಯಿಂದ ಹೇಳುತ್ತಾರೆ.

ಎಲ್ಲರೂ ಹೀಗಿರುವುದಿಲ್ಲ. ಸ್ವಲ್ಪ ಹೊತ್ತಿಗೆ ಬಂದ ಒಬ್ಬ ತರುಣ ಒಲ್ಲೆನ್ನುವ ಕುದುರೆಯನ್ನು ಬೆಂಕಿಯ ಕಡೆಗೆ ಮತ್ತೆ ಮತ್ತೆ ತಿರುಗಿಸುತ್ತಾನೆ. ಮೊಬೈಲುಗಳು ಮೇಲೇಳುತ್ತವೆ, ಅವನ ಹಟವೂ ಏರುತ್ತದೆ. ಕುದುರೆಯ ಕಣ್ಣಿನ ಬಿಳಿ ಕಾಣುತ್ತಿದೆ, ಬಾಯಿಯ ಅಂಚಿನಲ್ಲಿ ನೊರೆ. ನನ್ನ ಹೊಟ್ಟೆ ತೊಳಸುತ್ತದೆ. ಕವೆಗೋಲಿನ ಅಜ್ಜ ಅಡ್ಡ ಹೋಗಿ ಲಗಾಮು ಹಿಡಿದು, ಒಂದೂ ಮಾತಾಡದೆ ಕುದುರೆಯನ್ನು ಪಕ್ಕದ ಸಂದಿಗೆ ನಡೆಸಿಕೊಂಡು ಹೋಗುತ್ತಾನೆ. ತರುಣ ತಡಿಯ ಮೇಲೆ ಕೂತೇ ಹೋಗುತ್ತಾನೆ, ಮುಖ ತಗ್ಗಿಸಿ.

ಈ ಹಬ್ಬಕ್ಕೆ ವಿರೋಧವಿದೆ. ಪಾಕ್ಮಾ ಎಂಬ ಪ್ರಾಣಿಹಕ್ಕುಗಳ ಪಕ್ಷ, ಇತರ ಸಂಘಟನೆಗಳು ಇದನ್ನು ನಿಲ್ಲಿಸಬೇಕೆಂದು ಒತ್ತಾಯಿಸುತ್ತ ಬಂದಿವೆ. ಬೆಂಕಿಗೆ ಹೆದರುವುದು ಕುದುರೆಯ ಸ್ವಭಾವ, ಅದನ್ನು ಮೆಟ್ಟುವಂತೆ ಒತ್ತಾಯಿಸುವುದು ಹಿಂಸೆ, ಹೊಗೆಯೂ ಹಿಂಸೆ ಎಂಬುದು ಅವರ ವಾದ. ಪಶುವೈದ್ಯರು ನೋಡುತ್ತಾರೆ, ಸುಟ್ಟ ಗಾಯ ಆಗುವುದಿಲ್ಲ, ನಾವು ಮಕ್ಕಳಂತೆ ಸಾಕಿದ ಪ್ರಾಣಿಗೆ ನಾವೇ ಕೇಡು ಮಾಡುತ್ತೇವೆಯೇ ಎನ್ನುತ್ತಾರೆ ಊರವರು. ಇಬ್ಬರ ಮಾತನ್ನೂ ಕೇಳಿಸಿಕೊಂಡು ಈ ಬೀದಿಯಲ್ಲಿ ನಿಂತರೆ ನನಗೆ ಒಂದು ವಿಷಯ ಸ್ಪಷ್ಟ. ಗಾಯವಾಯಿತೇ ಇಲ್ಲವೇ ಎಂಬ ಲೆಕ್ಕ ಮಾತ್ರ ಸಾಲದು. ಭಯವೂ ನೋವೇ. ಕುದುರೆ ಒಲ್ಲೆ ಎಂದಾಗ ಆ ಮಾತು ನಡೆಯುತ್ತದೆಯೇ ಎಂಬುದರಲ್ಲಿ ಹಬ್ಬದ ಸತ್ಯ ಇದೆ. ಹುಡುಗಿಯ ಕೈಯಲ್ಲಿ ಅದು ಪ್ರಾರ್ಥನೆಯಾಗಿತ್ತು. ತರುಣನ ಕೈಯಲ್ಲಿ ಅದೇ ಬೆಂಕಿ, ಅದೇ ಬೀದಿ, ಅದೇ ಸಂತರ ಹೆಸರು, ಆದರೆ ಪ್ರಾರ್ಥನೆ ಉಳಿದಿರಲಿಲ್ಲ. ಕವೆಗೋಲಿನ ಅಜ್ಜನಿಗೆ ಈ ವ್ಯತ್ಯಾಸ ಯಾವ ಸಂಘಟನೆಯೂ ಹೇಳಿಕೊಡದೆ ಗೊತ್ತಿತ್ತು. ಇಂಥವರು ಊರಿನಲ್ಲಿ ಇರುವವರೆಗೆ ಹಬ್ಬಕ್ಕೆ ತನ್ನನ್ನು ತಾನೇ ತಿದ್ದಿಕೊಳ್ಳುವ ಶಕ್ತಿ ಇರುತ್ತದೆ.

ಹನ್ನೊಂದು ದಾಟಿದ ಮೇಲೆ ಗೊರಸಿನ ಸದ್ದು ತೆಳುವಾಗುತ್ತದೆ. ಕುದುರೆಗಳು ಲಾಯಕ್ಕೆ ಹೋಗಿವೆ. ಜ್ವಾಲೆ ಇಳಿದು ಕೆಂಡವಾಗಿದೆ. ಮನೆಗಳಿಂದ ಕಬ್ಬಿಣದ ಜಾಲರಿಗಳು ಹೊರಗೆ ಬರುತ್ತವೆ, ಕೆಂಡದ ಮೇಲೆ ಮಾಂಸ, ಚೊರಿಸೊ ಎಂಬ ಕೆಂಪು ಸಾಸೇಜು ಬೇಯತೊಡಗುತ್ತವೆ. ಕೊಬ್ಬು ತೊಟ್ಟಿಕ್ಕಿ ಚುಂಯ್ ಎನ್ನುತ್ತದೆ. ಕೆಂಪು ವೈನು ಕೈಯಿಂದ ಕೈಗೆ. ಮಾಂಸ ತಿನ್ನದ ನನಗೆ ಅಜ್ಜಿ ಕೆಂಡದ ಅಂಚಿನಲ್ಲಿ ಬ್ರೆಡ್ಡಿನ ಹೋಳು ಸುಟ್ಟು, ಬೆಳ್ಳುಳ್ಳಿ ಉಜ್ಜಿ, ಆಲಿವ್ ಎಣ್ಣೆ ಸುರಿದು ಕೊಡುತ್ತಾರೆ. ಹಸಿವಿಗೂ ಚಳಿಗೂ ಅದಕ್ಕಿಂತ ರುಚಿಯಾದದ್ದು ಬೇರೆ ಬೇಕಿಲ್ಲ.

ಕೆಂಡದ ಸುತ್ತ ಮಾತು ಹಳೆಯದಕ್ಕೆ ಹೊರಳುತ್ತದೆ. ಅಜ್ಜಿ ಚಿಕ್ಕವರಿದ್ದಾಗ ಬೆಂಕಿ ಹಾಯುತ್ತಿದ್ದದ್ದು ಹೆಚ್ಚಾಗಿ ಹೇಸರಗತ್ತೆ, ಕತ್ತೆ. ಅವು ಕಾಡಿನಿಂದ ಮರ ಎಳೆಯುತ್ತಿದ್ದವು, ಹೊಲ ಉಳುತ್ತಿದ್ದವು. ಒಂದು ಹೇಸರಗತ್ತೆ ಸತ್ತರೆ ಆ ಮನೆಯ ವರ್ಷದ ಅನ್ನ ಹೋದಂತೆ. "ಆಗ ಪ್ರಾರ್ಥನೆ ಹೊಟ್ಟೆಯಿಂದ ಬರುತ್ತಿತ್ತು," ಎನ್ನುತ್ತಾರೆ. ಟ್ರ್ಯಾಕ್ಟರು ಬಂತು, ಲಾರಿ ಬಂತು, ಹೇಸರಗತ್ತೆ ಹೋಯಿತು. ಮಕ್ಕಳು ನಗರಕ್ಕೆ ಹೋದರು. ಸ್ಪೇನಿನ ಒಳನಾಡಿನ ಕಥೆಯೆಲ್ಲ ಇದೇ. ಬರಿದಾಗುತ್ತಿರುವ ಹಳ್ಳಿಗಳ ಜನ 2019ರ ಮಾರ್ಚ್ 31ರಂದು ಮ್ಯಾಡ್ರಿಡ್ಡಿನ ಬೀದಿಗಳಲ್ಲಿ ದೊಡ್ಡ ಮೆರವಣಿಗೆ ಮಾಡಿ, ನಮ್ಮನ್ನು ಮರೆಯಬೇಡಿ ಎಂದು ಸರ್ಕಾರಕ್ಕೆ ಕೇಳಿದ್ದರು. ಈಗ ಇಲ್ಲಿ ಕುದುರೆ ಸಾಕುವವರಲ್ಲಿ ಹೆಚ್ಚಿನವರು ಪ್ರೀತಿಗಾಗಿ ಸಾಕುತ್ತಾರೆ. ಹಾಗಾದರೆ ಪ್ರಾರ್ಥನೆ ಈಗ ಎಲ್ಲಿಂದ ಬರುತ್ತದೆ ಎಂದು ಕೇಳುತ್ತೇನೆ. ಅಜ್ಜಿ ಎದುರಿನ ಗುಂಪನ್ನು ತೋರಿಸುತ್ತಾರೆ. ಅವರ ಮೊಮ್ಮಕ್ಕಳು ಕೆಂಡದ ಪಕ್ಕ ಕೂತು ತಿನ್ನುತ್ತಿದ್ದಾರೆ. "ಕುದುರೆ ಇಲ್ಲದಿದ್ದರೆ ಇವರು ಬರುತ್ತಿದ್ದರೇ?"

ಜನವರಿ 17ರ ಬೆಳಿಗ್ಗೆ ಊರಿಡೀ ಬೂದಿ. ಬೀದಿ ಬೀದಿಯಲ್ಲಿ ಬೂದಿಯ ದುಂಡು ಗುರುತು, ಕಿಟಕಿಯ ಹಲಗೆಗಳ ಮೇಲೆ ಬೂದಿ, ನನ್ನ ಕೂದಲಲ್ಲಿ ಇನ್ನೂ ರಾಳದ ಹೊಗೆ. ಬಂದಿದ್ದ ಹೊರಗಿನವರಲ್ಲಿ ಹೆಚ್ಚಿನವರು ರಾತ್ರಿಯೇ ಹೊರಟುಹೋಗಿದ್ದಾರೆ. ಆದರೆ ಹಬ್ಬ ಇವತ್ತು. ಚರ್ಚಿನಲ್ಲಿ ಬಲಿಪೂಜೆ ಮುಗಿಯುತ್ತದೆ. ಸಂತರ ಪ್ರತಿಮೆಯನ್ನು ಹೆಗಲ ಮೇಲೆ ಹೊತ್ತು ಹೊರಗೆ ತರುತ್ತಾರೆ. ಬಿಳಿ ಗಡ್ಡ, ಕೈಯಲ್ಲಿ ಕೋಲು, ಕಾಲಬಳಿ ಹಂದಿ. ಚೌಕದಲ್ಲಿ ಕುದುರೆಗಳು ಸಾಲು ನಿಂತಿವೆ. ನಿನ್ನೆ ಬಿಗಿದು ಕಟ್ಟಿದ್ದ ಬಾಲಗಳು ಬಿಚ್ಚಿವೆ, ಹೆಣೆದ ಕೇಸರ ಬಾಚಿ ಅಲೆಅಲೆಯಾಗಿದೆ. ಮೈಯುಜ್ಜಿ ಹೊಳಪೇರಿಸಿದ್ದಾರೆ. ಕುದುರೆಗಳ ನಡುವೆ ನಾಯಿಗಳಿವೆ, ಮಗುವೊಂದರ ಎದೆಗೊತ್ತಿದ ಬೆಕ್ಕಿದೆ, ಬುಟ್ಟಿಯಲ್ಲಿ ಒಂದು ಕೋಳಿಯೂ ಇದೆ. ಇದೇ ಹೊತ್ತಿಗೆ ಮ್ಯಾಡ್ರಿಡ್ಡಿನ ಒರ್ತಾಲೆಸಾ ಬೀದಿಯ ಸಾನ್ ಆಂತೋನ್ ಚರ್ಚಿನ ಮುಂದೆ ನಗರದವರು ತಮ್ಮ ನಾಯಿ, ಬೆಕ್ಕು, ಗಿಳಿ, ಆಮೆಗಳನ್ನು ಹಿಡಿದು ಸರದಿಯಲ್ಲಿ ನಿಂತಿರುತ್ತಾರೆ, ಸಂತರ ಹೆಸರಿನ ಪುಟ್ಟ ಬನ್ನುಗಳನ್ನು ಕೊಂಡು ಒಂದನ್ನು ವರ್ಷವಿಡೀ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಗುರುಗಳು ಸಾಲಿನುದ್ದಕ್ಕೂ ನಡೆದು ಪವಿತ್ರ ಜಲ ಚಿಮುಕಿಸುತ್ತಾರೆ. ಹನಿ ಬಿದ್ದಾಗ ಒಂದೊಂದು ಕುದುರೆ ಕಿವಿ ಕೊಡವುತ್ತದೆ. ಸಾಲಿನ ಕೊನೆಯಲ್ಲಿ ಲಾಯದ ಹುಡುಗಿ, ಅವಳ ಕಂದು ಕುದುರೆ. ಅದರ ಪಕ್ಕದಲ್ಲೇ ನಿನ್ನೆಯ ತರುಣ, ಅವನ ಕುದುರೆ. ಬೆಂಕಿ ಹಾಯ್ದದ್ದಕ್ಕೂ ಹಾಯದ್ದಕ್ಕೂ ಗುರುಗಳ ಕೈಯಿಂದ ಅದೇ ನೀರು, ಅದೇ ಆಶೀರ್ವಾದ. ಯಾವುದು ಜಿಗಿಯಿತು, ಯಾವುದು ಹಿಂಜರಿಯಿತು ಎಂದು ಇಲ್ಲಿ ಯಾರೂ ವಿಚಾರಿಸುವುದಿಲ್ಲ. ಬದುಕಿದ್ದರೆ ಸಾಕು, ಆರೋಗ್ಯವಾಗಿದ್ದರೆ ಸಾಕು ಎಂಬುದು ಈ ಸಾಲಿನಲ್ಲಿ ನಿಂತವರೆಲ್ಲರ ಬೇಡಿಕೆ.

ಲುಮಿನಾರಿಯಾಸ್ ನೋಡಲು ಹೋಗುವವರಿಗೆ ನಾನು ಕೇಳಿಕೊಳ್ಳುವುದು ಇಷ್ಟು: 16ರ ರಾತ್ರಿ ನೋಡಿ ಹಿಂತಿರುಗಬೇಡಿ, 17ರ ಬೆಳಿಗ್ಗೆಯವರೆಗೆ ಇರಿ. ಉಣ್ಣೆಯೋ ಹತ್ತಿಯೋ ತೊಟ್ಟುಕೊಳ್ಳಿ, ಫ್ಲ್ಯಾಷ್ ಆರಿಸಿ, ಗೋಡೆಗೆ ಒತ್ತಿ ನಿಲ್ಲಿ. ಜಿಗಿಯದ ಕುದುರೆಯನ್ನು ಕಂಡು ಕೂಗಬೇಡಿ. ನಮ್ಮ ಕೂಗಿಗಾಗಿ ಒಂದು ಪ್ರಾಣಿಯನ್ನು ಬೆಂಕಿಗೆ ಅಟ್ಟುವ ಆಸೆ ಸವಾರನಿಗೆ ಹುಟ್ಟಿದರೆ, ಆ ತಪ್ಪಿನಲ್ಲಿ ನೋಡುವವರಿಗೂ ಪಾಲಿದೆ. ಊರು ಈ ಹಬ್ಬವನ್ನು ಕಟ್ಟಿದ್ದು ತನ್ನ ಜೀವಗಳನ್ನು ಉಳಿಸಿಕೊಳ್ಳಲು. ಅಲ್ಲಿಗೆ ಹೋಗಿ ನಿಲ್ಲುವ ನಾವೂ ಅದೇ ಹರಕೆಯಲ್ಲಿ ಸೇರಿಕೊಂಡರೆ ಮಾತ್ರ ನಮಗೆ ಆ ಬೀದಿಯಲ್ಲಿ ನಿಲ್ಲುವ ಹಕ್ಕು.